ಒಳ್ಳೆಯ ಎಲೆಯನ್ನು ಬಿಡುವ ಹೊತ್ತು

ಇಸ್ಪೀಟಾಟವೆಂದರೆ ಮೂಗು ಮುರಿಯುವ ಗೃಹಸ್ಥರು ನಮ್ಮಲ್ಲಿ ಬಹು ಮಂದಿ ಇರುವರು. ನಾವೂ ಮೂವತ್ತನಾಲ್ಕು ವರ್ಷ ಉಪಾಧ್ಯಾಯ ವೃತ್ತಿಯಲ್ಲಿದ್ದು, ಹಿಂದಿನ ಬೆಂಚಿನ ಹುಡುಗರಿಂದ ಇಸ್ಪೀಟು ಕಟ್ಟುಗಳನ್ನು ಕಸಿದುಕೊಂಡು ಮೇಜಿನ ಖಾನೆಯಲ್ಲಿ ಬೀಗಹಾಕಿ ಇಟ್ಟವರೇ. ಅಂತಹ ನಾವು ಈಗ ಅದೇ ಆಟವನ್ನು ಕುರಿತು ಲೇಖನ ಬರೆಯಲು ಕುಳಿತಿರುವುದನ್ನು ಕಂಡು ಹಳೆಯ ಶಿಷ್ಯರು ನಗುವರಾದರೆ ನಗಲಿ. ಹೋದ ಬೇಸಗೆಯಲ್ಲಿ ನಮ್ಮ ಮನೆಯ ಜಗುಲಿಯ ಮೇಲೆ ಒಂದು ಸಂಜೆ ನಮಗೆ ಬಹಳ ಒಳ್ಳೆಯ ಎಲೆಗಳು ಬಿದ್ದುವು. ಆ ಒಳ್ಳೆಯ ಎಲೆಗಳಿಂದಲೇ ನಾವು ದಿವಾಳಿಯೆದ್ದೆವು. ಅದು ಹೇಗಾಯಿತೆಂದು ಯೋಚಿಸುತ್ತ ಹೋದಂತೆ, ಇಪ್ಪತ್ತು ವರ್ಷಗಳ ಹಿಂದಿನ ಇನ್ನೊಂದು ಸೋಲಿನ ಅರ್ಥವೂ ನಮಗೆ ತಿಳಿಯಬಂದಿತು. ಆ ವಿಚಾರವನ್ನು ವಾಚಕರ ಮುಂದಿಡಬೇಕೆಂಬುದೇ ಈ ಬರವಣಿಗೆಯ ಉದ್ದೇಶ.

ಬೆಂಗಳೂರಿನಲ್ಲಿ ಸಂಖ್ಯಾಶಾಸ್ತ್ರವನ್ನು ಓದುತ್ತಿರುವ ನಮ್ಮ ಸೋದರಳಿಯನು ರಜೆಗೆ ಬಂದಿದ್ದನು. ಇಪ್ಪತ್ತೆಂಟು, ರಮ್ಮಿ ಮೊದಲಾದ ಆಟಗಳು ಬೇಸರವೆಂದು ಹೇಳಿ ಅವನು ನಮಗೆ ಪೋಕರ್ ಎಂಬ ಅಮೆರಿಕದ ಆಟವನ್ನು ಕಲಿಸಿದನು. ದುಡ್ಡಿನ ಮಾತೆತ್ತಕೂಡದೆಂದು ಮನೆಯಾಕೆಯು ಮೊದಲೇ ವಿಧಿಸಿದ್ದುದರಿಂದ ಹುಣಿಸೆಬೀಜಗಳೇ ನಮ್ಮ ನಾಣ್ಯವಾದುವು. ಆಕೆಯ ವಿಧಿಗೆ ಸರಕಾರದ ಬೆಂಬಲವೂ ಇದ್ದಿತೆನ್ನಬೇಕು. ಹಣವನ್ನೊಡ್ಡಿ ಅಂತರ್ಜಾಲದಲ್ಲಿ ಆಡುವ ಆಟಗಳನ್ನು ತಡೆಯಲು ಕರ್ನಾಟಕವು ೨೦೨೧ರಲ್ಲಿ ಪೊಲೀಸು ಕಾಯಿದೆಯನ್ನು ತಿದ್ದಿತು. ಆ ತಿದ್ದುಪಡಿಯ ಮುಖ್ಯಭಾಗಗಳನ್ನು ೨೦೨೨ರ ಫೆಬ್ರವರಿಯಲ್ಲಿ ಹೈಕೋರ್ಟು ರದ್ದುಮಾಡಿತು. ೨೦೨೫ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಇಡೀ ದೇಶಕ್ಕೆ ಅನ್ವಯಿಸುವಂತೆ ಅಂತಹ ಆಟಗಳನ್ನು ನಿಷೇಧಿಸುವ ಶಾಸನವನ್ನು ಮಾಡಿತು. ಹುಣಿಸೆಬೀಜದಲ್ಲಿ ಆಡುವವನಿಗೆ ಕಾಯಿದೆಯ ಭಯವೂ ಇಲ್ಲ, ಸಂಸಾರ ಮುಳುಗುವ ಭಯವೂ ಇಲ್ಲ. ಅಭಿಮಾನಭಂಗವು ಮಾತ್ರ ಒಂದು ಗುಲಗಂಜಿಯಷ್ಟೂ ಕಡಮೆಯಾಗದೆಂಬುದನ್ನು ಅನುಭವದಿಂದ ಹೇಳಬಲ್ಲೆವು.

ಆಟದ ಕ್ರಮವನ್ನು ಅರಿಯದವರಿಗಾಗಿ ನಾಲ್ಕು ಮಾತು. ಐವತ್ತೆರಡು ಎಲೆಗಳ ಒಂದು ಕಟ್ಟು. ಪ್ರತಿಯೊಬ್ಬನಿಗೂ ಗುಟ್ಟಾಗಿ ಎರಡೆರಡು ಎಲೆಗಳನ್ನು ಹಂಚುವರು. ಆಮೇಲೆ ಎಲ್ಲರಿಗೂ ಸಾಧಾರಣವಾಗಿ ಐದು ಎಲೆಗಳನ್ನು ನಡುವೆ ತೆರೆದಿಡುವರು. ಮೊದಲು ಮೂರನ್ನು ಒಟ್ಟಿಗೆ, ಅನಂತರ ಒಂದನ್ನು, ಕಡೆಗೆ ಇನ್ನೊಂದನ್ನು. ತನ್ನ ಎರಡು, ನಡುವಿನ ಐದು, ಈ ಏಳರಲ್ಲಿ ಅತ್ಯುತ್ತಮವಾದ ಐದು ಎಲೆಗಳೇ ಆಟಗಾರನ ಬಲ. ಒಂದು ಜೋಡಿಗಿಂತ ಎರಡು ಜೋಡಿ ಮೇಲು. ಅದಕ್ಕಿಂತ ಒಂದೇ ಅಂಕೆಯ ಮೂರೆಲೆ, ಅದಕ್ಕಿಂತ ಸಾಲಾಗಿ ಬರುವ ಐದಂಕೆ, ಅದಕ್ಕಿಂತ ಒಂದೇ ಗುರುತಿನ ಐದೆಲೆ, ಅದಕ್ಕಿಂತ ಒಂದು ಮೂರು ಮತ್ತು ಒಂದು ಜೋಡಿ ಕೂಡಿದುದು, ಹೀಗೆ ಮೇಲೇರುತ್ತ ಹೋಗುವುದು. ಎಲೆಗಳು ತೆರೆಯುವ ಒಂದೊಂದು ಘಟ್ಟದಲ್ಲಿಯೂ ಪಣವೊಡ್ಡಬಹುದು. ಒಬ್ಬನು ಒಡ್ಡಿದರೆ ಉಳಿದವರು ಅಷ್ಟನ್ನೇ ಕೊಟ್ಟು ನಿಲ್ಲಬೇಕು, ಇಲ್ಲವೆ ಅದನ್ನು ಏರಿಸಬೇಕು, ಇಲ್ಲವೆ ಎಲೆಗಳನ್ನು ಮಗುಚಿಟ್ಟು, ಅದುವರೆಗೆ ಹಾಕಿದ್ದನ್ನು ಬಿಟ್ಟು ಸರಿಯಬೇಕು. ಮಿತಿಯಿಲ್ಲದ ಆಟ, ಅಂದರೆ ನೋ ಲಿಮಿಟ್ ಎಂಬ ಪ್ರಭೇದದಲ್ಲಿ ಯಾವನಾದರೂ ಯಾವ ಘಟ್ಟದಲ್ಲಾದರೂ ತನ್ನ ಮುಂದಿರುವುದೆಲ್ಲವನ್ನೂ ಒಮ್ಮೆಗೇ ನಡುವಿಗೆ ನೂಕಿಬಿಡಬಹುದು. ಈ ಒಂದು ಸ್ವಾತಂತ್ರ್ಯವೇ ಆಟದ ಪ್ರಾಣ, ಅದೇ ಅದರ ವಿಷ.

ಇದಕ್ಕೆ ಟೆಕ್ಸಸ್ ಹೋಲ್ಡೆಮ್ ಎಂದು ಹೆಸರು. ಟೆಕ್ಸಸ್ ಸಂಸ್ಥಾನದ ರಾಬ್ಸ್‌ಟೌನ್ ಎಂಬ ಸಣ್ಣ ಊರು ಇದರ ಜನ್ಮಸ್ಥಳವೆಂದು ಅಲ್ಲಿಯ ಶಾಸನಸಭೆಯು ೨೦೦೭ರಲ್ಲಿ ಠರಾವು ಮಾಡಿತು. ಲಾಸ್ ವೇಗಸ್ ಪಟ್ಟಣದಲ್ಲಿ ೧೯೭೦ರಲ್ಲಿ ಆರಂಭವಾದ ವಿಶ್ವ ಪೋಕರ್ ಪಂದ್ಯಾವಳಿಯ ಮುಖ್ಯ ಪಂದ್ಯದಲ್ಲಿ ಆಡುವುದು ಇದನ್ನೇ.

ಇನ್ನು ಆ ಸಂಜೆಯ ಮಾತು. ನಾವು, ಮನೆಯಾಕೆ, ಸೋದರಳಿಯ, ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ತರರು, ಹೀಗೆ ನಾಲ್ವರು. ನಮ್ಮ ಎರಡು ಎಲೆಗಳನ್ನು ಎತ್ತಿ ನೋಡಿದರೆ ಇಸ್ಪೀಟಿನ ಎಕ್ಕ, ಆಟೀನಿನ ಎಕ್ಕ! ಎರಡು ಎಲೆಗಳಲ್ಲಿ ಇದಕ್ಕಿಂತ ಮೇಲಾದುದು ಇನ್ನೊಂದಿಲ್ಲ. ಐವತ್ತೆರಡರಲ್ಲಿ ಎರಡೆಲೆಗಳನ್ನು ೧,೩೨೬ ಬಗೆಯಲ್ಲಿ ಆರಿಸಬಹುದು; ಅವುಗಳಲ್ಲಿ ಎಕ್ಕದ ಜೋಡಿಯಾಗುವುದು ೬ ಬಗೆಯಲ್ಲಿ ಮಾತ್ರ. ಅಂದರೆ ಸರಾಸರಿ ೨೨೧ ಸಲ ಹಂಚಿದರೆ ಒಂದು ಸಲ ಬರತಕ್ಕದ್ದು. ನಾವು ಮುಖವನ್ನು ಗಂಭೀರವಾಗಿ ಇಟ್ಟುಕೊಂಡು ಪಣವನ್ನು ಏರಿಸಿದೆವು. ಸೋದರಳಿಯನೂ ಮನೆಯಾಕೆಯೂ ಎಲೆ ಕೆಳಗಿಟ್ಟರು. ಪೋಸ್ಟ್‌ಮಾಸ್ತರರು ಎಲೆಗಳನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ, ಬೀಜಗಳನ್ನು ಎರಡೆರಡು ಸಲ ಎಣಿಸಿ, ಕೊಟ್ಟು ನಿಂತರು.

ನಡುವೆ ಬಿದ್ದ ಮೂರು ಎಲೆಗಳು ಇಸ್ಪೀಟಿನ ರಾಣಿ, ಡೈಮನ್ನಿನ ಎಂಟು, ಕಳಾವರಿನ ಮೂರು. ನಾವು ಒಡ್ಡಿದೆವು, ಅವರು ಕೊಟ್ಟರು. ನಾಲ್ಕನೆಯದು ಕಳಾವರಿನ ಎಂಟು. ಪುನಃ ಒಡ್ಡಿದೆವು, ಪುನಃ ಕೊಟ್ಟರು. ಐದನೆಯದು ಆಟೀನಿನ ಐದು. ರಾಶಿಯಲ್ಲಿ ೮೦ ಬೀಜಗಳು ಸೇರಿದ್ದುವು. ಈ ಸಲ ನಾವು ಸುಮ್ಮನಿದ್ದೆವು. ಪೋಸ್ಟ್‌ಮಾಸ್ತರರು ಒಮ್ಮೆ ಗಂಟಲು ಸರಿಮಾಡಿಕೊಂಡು ತಮ್ಮ ಮುಂದಿದ್ದ ೮೦ ಬೀಜಗಳನ್ನೂ ಎರಡು ಕೈಗಳಿಂದ ಬಳಿದು ನಡುವಿಗೆ ನೂಕಿದರು. ನಮ್ಮ ಹತ್ತಿರವೂ ಉಳಿದಿದ್ದುದು ಹೆಚ್ಚುಕಡಮೆ ಅಷ್ಟೇ. ಎಕ್ಕದ ಜೋಡಿಯನ್ನು ಹಿಡಿದವನು ಹೆದರಿ ಓಡುವನೆ? ನೂಕಿದೆವು. ಅವರು ಸಂಕೋಚದಿಂದಲೇ ಆಟೀನಿನ ಎಂಟು ಒಂಬತ್ತುಗಳನ್ನು ತೆರೆದಿಟ್ಟರು. ನಡುವಿನ ಎರಡು ಎಂಟುಗಳೊಡನೆ ಸೇರಿ ಮೂರು ಎಂಟು. ನಮ್ಮ ಎರಡು ಜೋಡಿ ಸೋತಿತು.

“ದುರದೃಷ್ಟ!” ಎಂದೆವು.

“ಅದೃಷ್ಟದ ಮಾತೇನು ಬಂತು?” ಎಂದಳು ಮನೆಯಾಕೆ. “ಮೂರು ಸಂಜೆಯಿಂದ ಆಡುತ್ತಿದ್ದೇವೆ. ಅವರು ಇದ್ದ ಬೀಜವನ್ನೆಲ್ಲ ನೂಕಿದ್ದು ಇದೇ ಮೊದಲು. ನೀವು ನಿಮ್ಮ ಎಲೆಯನ್ನೇ ನೋಡಿಕೊಂಡು ಕೂತಿದ್ದಿರಿ, ಅವರ ಮುಖ ನೋಡಲಿಲ್ಲ.”

ನಮಗೆ ಸಿಟ್ಟು ಬಂದಿತು. ಆದರೆ ಆಡಿದ ಮಾತು ನಿಜವಾದುದರಿಂದ ಆ ಸಿಟ್ಟಿಗೆ ನಿಲ್ಲಲು ನೆಲೆಯಿರಲಿಲ್ಲ. ಮರುದಿನ ಬೆಳಗ್ಗೆ ಕಾಫಿಯ ಹೊತ್ತಿಗೆ ಸೋದರಳಿಯನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದನು. ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಕೊಡುವೆವು. ಈ ವಿಷಯದ ತಿರುಳೆಲ್ಲ ಅದರಲ್ಲಿರುವುದು.

ಮೊದಲನೆಯದು ಬೆಲೆ. ರಾಶಿಯಲ್ಲಿ ೮೦ ಇದ್ದಿತು. ಪೋಸ್ಟ್‌ಮಾಸ್ತರರು ೮೦ ಸೇರಿಸಿದರು. ನಾವು ೮೦ ಕೊಟ್ಟರೆ ಗೆಲ್ಲಬಹುದಾದುದು ೧೬೦. ಮೂರು ಸಲ ಇಂತಹ ಪ್ರಸಂಗ ಬಂದು ಒಂದೇ ಸಲ ಗೆದ್ದರೂ, ಎರಡು ಸಲ ಕಳೆದ ೧೬೦ ಆ ಒಂದು ಗೆಲವಿನಿಂದ ಮರಳಿಬರುವುದು; ಲಾಭನಷ್ಟ ಸಮ. ಆದುದರಿಂದ ನಾವು ಗೆಲ್ಲುವ ಸಂಭವವು ಮೂರರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಕೊಡಬೇಕು, ಕಡಮೆಯಿದ್ದರೆ ಬಿಡಬೇಕು. ಅವರು ರಾಶಿಯ ಅರ್ಧದಷ್ಟನ್ನು ಒಡ್ಡಿದ್ದರೆ ನಾಲ್ಕರಲ್ಲಿ ಒಂದು ಸಾಕಾಗುತ್ತಿದ್ದಿತು. ಎರಡರಷ್ಟನ್ನು ಒಡ್ಡಿದ್ದರೆ ಐದರಲ್ಲಿ ಎರಡು ಬೇಕಾಗುತ್ತಿದ್ದಿತು. ಪಣವು ಎಷ್ಟೇ ದೊಡ್ಡದಾದರೂ ಈ ಪ್ರಮಾಣವು ಅರ್ಧವನ್ನು ಮುಟ್ಟುವುದಿಲ್ಲ. ಸೋಲುವ ಸಂಭವವೇ ಹೆಚ್ಚಾಗಿದ್ದರೂ ಕೊಡುವುದು ನ್ಯಾಯವಾಗಬಹುದೆಂದು ಇದರಿಂದ ಸಿದ್ಧವಾಯಿತಷ್ಟೆ. ಒಳ್ಳೆಯ ಎಲೆಯನ್ನು ಬಿಡುವುದು ಸುಲಭವಾದ ಕೆಲಸವಲ್ಲವೆಂಬುದಕ್ಕೆ ಇದೊಂದು ಕಾರಣ.

ಎರಡನೆಯದು ಎದುರಾಳಿಯ ಎಲೆಗಳ ಎಣಿಕೆ. ಪೋಸ್ಟ್‌ಮಾಸ್ತರರು ಕೊನೆಯವರೆಗೆ ನಿಲ್ಲಬಹುದಾದ ಎಲೆಗಳು ಯಾವುವು? ನಮ್ಮನ್ನು ಗೆಲ್ಲುವಂತಹವನ್ನು ಮೊದಲು ನೋಡೋಣ. ಎರಡು ಎಂಟುಗಳು ನಡುವೆ ತೆರೆದಿರುವುದರಿಂದ ಮರೆಯಲ್ಲಿರುವುವು ಎರಡು. ಎರಡು ಎಕ್ಕಗಳು ನಮ್ಮಲ್ಲಿರುವುದರಿಂದ ಉಳಿದುವು ಎರಡು. ಎಕ್ಕ ಮತ್ತು ಎಂಟು ಕೂಡಿ ೪ ಬಗೆ. ಒಂಬತ್ತು ಮತ್ತು ಎಂಟು ೮ ಬಗೆ. ಎಂಟು ಮತ್ತು ಏಳು ೮ ಬಗೆ. ರಾಣಿಯ ಜೋಡಿ ೩. ಮೂರರ ಜೋಡಿ ೩. ಎಂಟರ ಜೋಡಿಯೇ ಇದ್ದರೆ ಅದು ೧. ಒಟ್ಟು ೨೭. ಇನ್ನು ನಮಗೆ ಸೋಲತಕ್ಕವು: ರಾಜ ಮತ್ತು ರಾಣಿ ೧೨ ಬಗೆ, ಎಕ್ಕ ಮತ್ತು ರಾಣಿ ೬, ರಾಜನ ಜೋಡಿ ೬. ಒಟ್ಟು ೨೪. ಅಪರೂಪವಾದ ಬೇರೆ ಕೆಲವನ್ನು ಬಿಟ್ಟಿದ್ದೇವೆ.

ಈ ಐವತ್ತೊಂದು ಬಗೆಗಳಲ್ಲಿ ಯಾವುದಿದ್ದರೂ ಎಲ್ಲವನ್ನೂ ನೂಕುವ ಸಾಹಸಿಯು ಎದುರಿಗಿದ್ದರೆ, ನಾವು ಗೆಲ್ಲುವುದು ೫೧ರಲ್ಲಿ ೨೪ ಸಲ, ಹೆಚ್ಚುಕಡಮೆ ಅರ್ಧ. ಕಣ್ಣುಮುಚ್ಚಿ ಕೊಡಬಹುದು. ಆದರೆ ಎದುರಿಗಿದ್ದವರು ಪೋಸ್ಟ್‌ಮಾಸ್ತರರು. ಮೂವತ್ತು ವರ್ಷ ಸರಕಾರದ ಸ್ಟಾಂಪುಗಳಿಗೆ ಲೆಕ್ಕ ಕೊಟ್ಟವರು. ನೂರು ರೂಪಾಯಿ ನೋಟನ್ನು ಬಿಸಿಲಿಗೆ ಹಿಡಿದು ನೋಡದೆ ತೆಗೆದುಕೊಳ್ಳುವವರಲ್ಲ. ಬರಿಯ ರಾಣಿಯ ಜೋಡಿಯನ್ನು ನಂಬಿ ಇದ್ದುದನ್ನೆಲ್ಲ ನೂಕುವ ಪ್ರಕೃತಿ ಅವರದೇ? ಆ ೨೪ರಲ್ಲಿ ನಾಲ್ಕನೆಯ ಒಂದು ಭಾಗದಲ್ಲಿ ನೂಕಿಯಾರು ಎಂದು ಉದಾರವಾಗಿಯೇ ಎಣಿಸೋಣ. ಆಗ ನಾವು ಗೆಲ್ಲುವುದು ೩೩ರಲ್ಲಿ ೬ ಸಲ ಮಾತ್ರ, ನೂರಕ್ಕೆ ಹದಿನೆಂಟು. ಬೇಕಾಗಿದ್ದುದು ಮೂವತ್ತಮೂರು. ನಮ್ಮ ಎಲೆಗಳೂ ಅವೇ, ಬೆಲೆಯೂ ಅದೇ. ಎದುರಿಗೆ ಕುಳಿತವರು ಬದಲಾದುದರಿಂದ ಉತ್ತರವು ತಲೆಕೆಳಗಾಯಿತು. ಆ ೨೪ರಲ್ಲಿ ೧೩ ಅಥವಾ ೧೪ ಬಗೆಗಳಿಗೆ ಮೇಲ್ಪಟ್ಟು ನೂಕುವ ಮನುಷ್ಯನಾದರೆ ಕೊಡಬೇಕು, ಅದಕ್ಕೆ ಕಡಮೆಯಾದರೆ ಎಲೆಗಳನ್ನು ಮಗುಚಬೇಕು. ಸೀಮಾರೇಖೆಯು ಅಲ್ಲಿ ಬೀಳುವುದು.

ಇದನ್ನು ಕೇಳುತ್ತಿರುವಾಗ ನಮಗೆ ನಳೋಪಾಖ್ಯಾನದ ಋತುಪರ್ಣನ ನೆನಪಾಯಿತು. ಬಾಹುಕನ ವೇಷದಲ್ಲಿದ್ದ ನಳನು ರಥವನ್ನು ಓಡಿಸುತ್ತಿರಲು, ದಾರಿಯಲ್ಲಿ ಕಂಡ ತಾರೆಯ ಮರವೊಂದರ ಕೊಂಬೆಗಳಲ್ಲಿ ಎಷ್ಟು ಎಲೆ, ಎಷ್ಟು ಕಾಯಿ ಇರುವುವೆಂದು ಆ ರಾಜನು ನೋಡಿದ ಮಾತ್ರಕ್ಕೆ ಹೇಳಿಬಿಡುವನು. ನಳನು ನಂಬದೆ ರಥವನ್ನು ನಿಲ್ಲಿಸಿ, ಮರವನ್ನು ಕಡಿದು ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿರುವುದು. ಆಮೇಲೆ ತನ್ನ ಅಶ್ವವಿದ್ಯೆಗೆ ಬದಲಾಗಿ ಆ ಅಕ್ಷಹೃದಯವನ್ನು ಪಡೆದುಕೊಂಡನು. ಕಲಿಯು ಅವನ ದೇಹವನ್ನು ಬಿಟ್ಟುಹೋದುದು ಆಗಲೇ. ತಾರೆಯ ಕಾಯಿಗಳೇ ಪ್ರಾಚೀನರ ದಾಳಗಳೆಂಬುದನ್ನು ನೆನೆದರೆ, ಕವಿಯು ಬೇರೆ ಯಾವ ಮರವನ್ನೂ ಆರಿಸದೆ ಆ ಮರವನ್ನೇ ಆರಿಸಿದುದರ ಔಚಿತ್ಯವು ಹೊಳೆಯುವುದು. ಈ ಕಥೆಯನ್ನು ಎಷ್ಟೋ ವರ್ಷ ತರಗತಿಯಲ್ಲಿ ಪಾಠ ಹೇಳಿದೆವು. ಕಲಿ ಬಿಟ್ಟುಹೋದುದಕ್ಕೂ ಎಣಿಕೆ ಕಲಿತುದಕ್ಕೂ ಸಂಬಂಧವಿದೆಯೆಂದು ಒಬ್ಬ ಹುಡುಗನಿಗಾದರೂ ಹೇಳಿದ ನೆನಪು ನಮಗಿಲ್ಲ.

ಎಲೆಯ ಬಲವು ಸ್ಥಿರವಾದುದಲ್ಲವೆಂಬುದಕ್ಕೆ ಇನ್ನೊಂದು ನಿದರ್ಶನವನ್ನು ನಮ್ಮ ಹುಡುಗನು ಕೊಟ್ಟನು. ಎಕ್ಕದ ಜೋಡಿಯು ಯಾವುದೋ ಎರಡು ಎಲೆ ಹಿಡಿದ ಒಬ್ಬನೇ ಎದುರಾಳಿಯ ಮೇಲೆ ನೂರರಲ್ಲಿ ಸುಮಾರು ೮೫ ಸಲ ಗೆಲ್ಲುವುದು. ಒಂಬತ್ತು ಮಂದಿ ಕೊನೆಯವರೆಗೆ ನಿಂತರೆ ಅದೇ ಜೋಡಿಯು ಗೆಲ್ಲುವುದು ಸುಮಾರು ೩೧ ಸಲ. ಇದು ಯಾರ ಸ್ವಭಾವವನ್ನೂ ಎಣಿಸದೆ ಬರಿಯ ಎಲೆಗಳಿಂದ ಬಂದ ಲೆಕ್ಕ. ಮೇಲಾಗಿ ಒಂದೊಂದು ಘಟ್ಟದಲ್ಲಿಯೂ ದುರ್ಬಲವಾದ ಎಲೆಯವರು ಸರಿದುಹೋಗುವರು; ಉಳಿದು ಪಣವನ್ನು ಕೊಡುತ್ತ ಬರುವವನು ಉಳಿದುದಕ್ಕೆ ಏನೋ ಕಾರಣವಿರುವುದು. ಮೊದಲು ಎಕ್ಕಗಳನ್ನು ಕಂಡಾಗಿನ ಹಿಗ್ಗನ್ನೇ ನಾವು ಐದನೆಯ ಎಲೆಯವರೆಗೂ ಹೊತ್ತು ತಂದಿದ್ದೆವು. ಅಷ್ಟರಲ್ಲಿ ಆ ಎಕ್ಕಗಳ ಬೆಲೆ ಇಳಿದಿದ್ದುದು ನಮ್ಮ ಕಣ್ಣಿಗೆ ಬೀಳಲಿಲ್ಲ.

ಇಲ್ಲಿ ಪ್ರಸಂಗವಶಾತ್ ಮನೆಯ ಮಾತೊಂದನ್ನು ಹೇಳಬೇಕಾಗಿದೆ. ನಮಗೂ ನಮ್ಮ ದೊಡ್ಡಪ್ಪನ ಮಗನಿಗೂ ಹದಿಮೂರು ಗುಂಟೆ ಅಡಕೆ ತೋಟದ ವಿಷಯದಲ್ಲಿ ವ್ಯಾಜ್ಯವಿದ್ದಿತು. ನಮ್ಮ ಕೈಯಲ್ಲಿದ್ದ ಪತ್ರಗಳು ಗಟ್ಟಿಯಾಗಿದ್ದುವು, ನೋಡಿದವರೆಲ್ಲ ಹಾಗೆಂದರು. ಕೆಳಗಿನ ಕೋರ್ಟಿನಲ್ಲಿ ಡಿಕ್ರಿ ನಮ್ಮಂತೆಯೇ ಆಯಿತು. ಅಣ್ಣನು ಅಪೀಲಿಗೆ ಹೋಗುವ ಮುಂಚೆ ಒಬ್ಬ ಹಿರಿಯರ ಮೂಲಕ, ಅರ್ಧ ಅರ್ಧ ಮಾಡಿಕೊಂಡು ಮುಗಿಸೋಣವೆಂದು ಹೇಳಿ ಕಳುಹಿಸಿದನು. ನಮ್ಮ ವಕೀಲರೂ ಒಪ್ಪಿಕೊಳ್ಳಿರೆಂದರು. ನಾಲ್ಕು ವರ್ಷ ಅಲೆದಾಡಿ ಖರ್ಚುಮಾಡಿ ಗೆದ್ದುದನ್ನು ಅರ್ಧಕ್ಕೆ ಬಿಡುವುದೆಂತು ಎಂದು ನಾವು ಹಿಡಿದ ಪಟ್ಟನ್ನು ಸಡಿಲಿಸಲಿಲ್ಲ. ಅತ್ತಿಗೆಯ ಬಳೆಗಳನ್ನು ಒತ್ತೆಯಿಟ್ಟು ಅಣ್ಣನು ಅಪೀಲು ಮಾಡಿದನು. ಬೀಡಿಯೊಂದನ್ನು ಎರಡು ತುಂಡು ಮಾಡಿ ಸೇದುವ ಮನುಷ್ಯ! ಅಂತಹವನು ಹೆಂಡತಿಯ ಬಳೆಗಳನ್ನು ಏಕೆ ಒಡ್ಡಿದನೆಂಬ ಪ್ರಶ್ನೆ ನಮಗೆ ಹುಟ್ಟಲೇ ಇಲ್ಲ. ನಮ್ಮ ಪತ್ರಗಳನ್ನೇ ಮತ್ತೆ ಮತ್ತೆ ಬಿಚ್ಚಿ ಓದುತ್ತ ಕುಳಿತಿದ್ದೆವು. ನಮ್ಮ ಅಜ್ಜನ ಕಾಲದ ರಿಜಿಸ್ಟರಾದ ಪಾಲುಪಾರೀಕತ್ತು ಒಂದು ಅವನಿಗೆ ಹಳೆಯ ಪೆಟ್ಟಿಗೆಯೊಂದರಲ್ಲಿ ಆಮೇಲೆ ಸಿಕ್ಕಿದ್ದಿತು. ಅಪೀಲಿನಲ್ಲಿ ನಾವು ಸೋತೆವು. ತೋಟ ಹೋದುದಕ್ಕೆ ಈಗ ಅಷ್ಟು ವ್ಯಸನವಿಲ್ಲ. ಅವನ ಮಗಳ ಮದುವೆಗೆ ನಾವು ಹೋಗಲಿಲ್ಲ. ನಮ್ಮ ಮಗನ ಉಪನಯನಕ್ಕೆ ಅವನು ಬರಲಿಲ್ಲ. ಅಣ್ಣನು ತೀರಿಕೊಂಡು ಆರು ವರ್ಷವಾಯಿತು.

ಜಗುಲಿಯ ಮೇಲೆ ಪೋಸ್ಟ್‌ಮಾಸ್ತರರು ಬೀಜಗಳನ್ನು ಎರಡು ಕೈಗಳಿಂದ ಬಳಿದು ನೂಕಿದುದನ್ನು ಆಮೇಲೆ ಸ್ಮರಿಸಿದಾಗಲೆಲ್ಲ ನಮಗೆ ಆ ಬಳೆಗಳು ಕಾಣಿಸುತ್ತವೆ.

ರಾಶಿಗೆ ಈಗಾಗಲೇ ಹಾಕಿದ ಬೀಜಗಳು ನಮ್ಮವಲ್ಲವೆಂಬುದನ್ನು ಈ ಆಟ ಬಲ್ಲವರೆಲ್ಲ ಮೊದಲ ದಿನವೇ ಕಲಿಸುವರಂತೆ. ಅವು ಗೆದ್ದವನವು, ಗೆಲ್ಲುವವನು ಯಾರೆಂಬುದು ಇನ್ನೂ ನಿಶ್ಚಯವಾಗಿಲ್ಲ, ಅಷ್ಟೆ. ‘ಇಷ್ಟು ಹಾಕಿದ ಮೇಲೆ ಬಿಡುವುದು ಹೇಗೆ’ ಎಂಬ ಮಾತಿಗೆ ಲೆಕ್ಕದಲ್ಲಿ ಸ್ಥಾನವಿಲ್ಲ. ನಮ್ಮ ನಾಲ್ಕು ವರ್ಷದ ಅಲೆದಾಟಕ್ಕೂ ಸ್ಥಾನವಿರಲಿಲ್ಲವೆಂದು ಆ ಹುಡುಗನಿಗೆ ನಾವು ಹೇಳಲಿಲ್ಲ.

ಇಷ್ಟು ಓದಿದ ವಾಚಕರು, ಹಾಗಾದರೆ ಎದುರಾಳಿ ಎಲ್ಲವನ್ನೂ ನೂಕಿದಾಗ ಬಿಟ್ಟು ಸರಿಯುವುದೇ ಜಾಣತನವೆಂದು ತಿಳಿದಾರು. ಅದು ಸರಿಯಲ್ಲ. ಹೆಸರಾಂತ ಎರಡು ಆಟಗಳನ್ನು ಇಲ್ಲಿ ಹೋಲಿಸಿ ನೋಡುವುದು ಒಳ್ಳೆಯದು.

ವಿಶ್ವ ಪಂದ್ಯಾವಳಿಯ ೧೯೮೮ರ ಕೊನೆಯ ಆಟದಲ್ಲಿ ಉಳಿದವರು ಇಬ್ಬರು: ಹಿಂದಿನ ವರ್ಷವೂ ಗೆದ್ದಿದ್ದ ಜಾನಿ ಚಾನ್, ಮತ್ತು ಎರಿಕ್ ಸೈಡೆಲ್ ಎಂಬ ಹೊಸಬ. ನಡುವೆ ರಾಣಿ, ಹತ್ತು, ಎಂಟು ಬಿದ್ದುವು. ಸೈಡೆಲ್ಲನಲ್ಲಿ ರಾಣಿ ಮತ್ತು ಏಳು. ಅಂದರೆ ನಡುವಿನ ಅತಿ ದೊಡ್ಡ ಎಲೆಯ ಜೋಡಿ. ಇಬ್ಬರೇ ಆಡುವಾಗ ಇದು ಬಲವಾದ ಎಲೆಯೇ. ಚಾನನಲ್ಲಿ ಗುಲಾಮ ಮತ್ತು ಒಂಬತ್ತು. ಎಂಟರಿಂದ ರಾಣಿಯವರೆಗೆ ಐದು ಎಲೆ ಆಗಲೇ ಸಾಲಾಗಿ ಕೂಡಿದ್ದುವು. ಅವನು ಬಲವನ್ನು ತೋರದೆ, ಅನುಮಾನಿಸುವವನಂತೆ ಸುಮ್ಮನಿದ್ದನು. ಕೊನೆಗೆ ಸೈಡೆಲ್ಲನೇ ಎಲ್ಲವನ್ನೂ ನೂಕಿದನು, ಚಾನ್ ತಡಮಾಡದೆ ಕೊಟ್ಟನು, ಆಟ ಮುಗಿಯಿತು. ಹೀಗೆ ನೂಕಿದಾಗ ಕೀಳಾದ ಎಲೆಯವನು ಓಡಿಹೋಗುವನು, ಮೇಲಾದ ಎಲೆಯವನು ಮಾತ್ರ ನಿಲ್ಲುವನೆಂಬುದನ್ನು ಸೈಡೆಲ್ ಮರೆತನು. ಮುಂದೆ ಅವನು ಈ ಆಟದ ಅತ್ಯಂತ ಶ್ರೇಷ್ಠರಲ್ಲಿ ಒಬ್ಬನೆನಿಸಿಕೊಂಡರೂ, ೧೯೯೮ರ ‘ರೌಂಡರ್ಸ್’ ಎಂಬ ಸಿನಿಮಾದಲ್ಲಿ ಈ ಸೋಲಿನ ಚಿತ್ರವನ್ನೇ ಸೇರಿಸಿದುದರಿಂದ ಆಟವಾಡದವರಿಗೂ ಆ ಗಳಿಗೆಯು ಪರಿಚಿತವಾಯಿತು. ಪಾಪ!

ಎರಡನೆಯದು ೨೦೦೩ರದು. ಆ ವರ್ಷ ಕೂಡಿದವರು ೮೩೯ ಮಂದಿ. ಕೊನೆಯಲ್ಲಿ ಉಳಿದ ಇಬ್ಬರಲ್ಲಿ ಸ್ಯಾಮ್ ಫರ್ಹಾ ನುರಿತ ಆಟಗಾರ. ಕ್ರಿಸ್ ಮನಿಮೇಕರ್ ಎಂಬಾತನು ಟೆನೆಸಿಯ ಒಬ್ಬ ಲೆಕ್ಕಿಗ, ಅಂತರ್ಜಾಲದ ಸಣ್ಣ ಪಂದ್ಯವೊಂದನ್ನು ಗೆದ್ದು ಬಂದವನು. ನಡುವೆ ಒಂಬತ್ತು, ಎರಡು, ಆರು, ಎಂಟು, ಮೂರು. ಅವುಗಳಲ್ಲಿ ಮೂರು ಎಲೆಗಳು ಇಸ್ಪೀಟಿನವು. ಫರ್ಹಾನಲ್ಲಿ ಒಂಬತ್ತರ ಜೋಡಿ. ಮನಿಮೇಕರನಲ್ಲಿ ರಾಜ ಮತ್ತು ಏಳು. ಇಸ್ಪೀಟಿನ ಐದೆಲೆಯಾಗಲಿ ಸಾಲಾಗಲಿ ಕೂಡಿಬರಬಹುದೆಂದು ಕಾದು, ಯಾವುದೂ ಬರದೆ ಕೈ ಬರಿದಾಗಿದ್ದಿತು. ಆಗ ಅವನು ಇದ್ದುದನ್ನೆಲ್ಲ ನೂಕಿದನು! ಫರ್ಹಾ ಬಹಳ ಹೊತ್ತು ಯೋಚಿಸಿದನು, ಎದುರಾಳಿಯ ಮುಖವನ್ನು ದಿಟ್ಟಿಸಿದನು, ಕಡೆಗೆ ಗೆಲ್ಲುವ ಎಲೆಗಳನ್ನು ಮಗುಚಿಟ್ಟನು. ಪಂದ್ಯವನ್ನೂ ಇಪ್ಪತ್ತೈದು ಲಕ್ಷ ಡಾಲರುಗಳನ್ನೂ ಮನಿಮೇಕರ್ ಗೆದ್ದನು. ಅದನ್ನು ಕಂಡು ಉತ್ಸಾಹಗೊಂಡವರು ಎಷ್ಟು ಮಂದಿಯೆಂದರೆ ಮರುವರ್ಷ ಆಟಗಾರರ ಸಂಖ್ಯೆ ೨,೫೭೬ಕ್ಕೆ ಏರಿತು.

ಮನೆಯಾಕೆಯ ಸೂತ್ರದಂತೆ ಫರ್ಹಾ ಮುಖವನ್ನು ನೋಡಿದನಷ್ಟೆ. ನೋಡಿಯೂ ಸೋತನು. ಹೊಸಬನು, ಅಷ್ಟು ಜನರ ಮುಂದೆ, ಬರಿಗೈಯಲ್ಲಿ ಇಷ್ಟು ಧೈರ್ಯ ಮಾಡಲಾರನೆಂಬ ಊಹೆಯು ಅವನನ್ನು ಕೆಡಿಸಿತೋ ಏನೋ. ಅವನ ಮನಸ್ಸನ್ನು ನಾವು ಬಲ್ಲೆವೆಂದು ಹೇಳಿಕೊಳ್ಳಲಾರೆವು.

ಬ್ಲಫ್ ಎಂದು ಅಲ್ಲಿಯವರು ಕರೆಯುವ ಈ ಹುಸಿಬೆದರಿಕೆಗೂ ಒಂದು ಲೆಕ್ಕವಿದೆ. ರಾಶಿಯಷ್ಟನ್ನೇ ಒಡ್ಡಿ ಹೆದರಿಸುವವನು, ಎದುರಾಳಿ ಎರಡರಲ್ಲಿ ಒಂದಕ್ಕಿಂತ ಹೆಚ್ಚು ಸಲ ಬಿಟ್ಟುಹೋಗುವನಾದರೆ, ಕೈಯಲ್ಲಿ ಏನಿಲ್ಲದಿದ್ದರೂ ಲಾಭ ಪಡೆಯುತ್ತಲೇ ಇರುವನು. ಆದುದರಿಂದ ಯಾವಾಗಲೂ ಸರಿಯುವವನು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಸವೆದು ಹೋಗುವನು, ಎಂದ

ೂ ಸರಿಯದವನು ಒಂದೇ ಸಂಜೆಯಲ್ಲಿ ಮುಗಿದುಹೋಗುವನು. ಜಾನ್ ಫಾನ್ ನಾಯ್ಮನ್ ಎಂಬ ಗಣಿತಜ್ಞನು ಆಸ್ಕರ್ ಮಾರ್ಗೆನ್‌ಸ್ಟರ್ನನೊಡನೆ ೧೯೪೪ರಲ್ಲಿ ಪ್ರಕಟಿಸಿದ ಆಟಗಳ ಸಿದ್ಧಾಂತದ ದೊಡ್ಡ ಗ್ರಂಥದಲ್ಲಿ ಪೋಕರನ್ನೂ ವಿಚಾರಿಸಿದನು. ಹುಸಿಬೆದರಿಕೆಯು ಒಬ್ಬನ ಸ್ವಭಾವದೋಷವಲ್ಲ, ಸರಿಯಾದ ಆಟದ ಅಂಗವೇ ಎಂದು ಗಣಿತದಿಂದ ತೋರಿಸಿದನು.

೨೦೧೭ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಲಿಬ್ರಾಟಸ್ ಎಂಬ ಯಂತ್ರವು ನಾಲ್ವರು ವೃತ್ತಿನಿರತ ಆಟಗಾರರೊಡನೆ ಇಪ್ಪತ್ತು ದಿನ, ೧,೨೦,೦೦೦ ಆಟಗಳನ್ನು ಆಡಿ ಗೆದ್ದಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಟುವೊಮಾಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ಎಂಬವರು ಅದನ್ನು ರಚಿಸಿದವರು. ಮಿತಿಯಿಲ್ಲದ ಆಟವೇ ಅದು. ಇಬ್ಬಿಬ್ಬರೇ ಎದುರುಬದುರಾಗಿ ಆಡುವ ಬಗೆ. ಇಂತಹ ಯಂತ್ರವು ಮುಖವನ್ನು ನೋಡುವುದಿಲ್ಲ. ಅದಕ್ಕೆ ಕಣ್ಣೇ ಇಲ್ಲ. ಒಂದೇ ಎಲೆಯನ್ನು, ಒಂದೇ ಸನ್ನಿವೇಶದಲ್ಲಿ, ಒಮ್ಮೆ ಬಿಡುವುದು, ಒಮ್ಮೆ ಕೊಟ್ಟು ನಿಲ್ಲುವುದು. ಎಷ್ಟು ಸಲ ಯಾವುದನ್ನು ಮಾಡಬೇಕೆಂಬ ಪ್ರಮಾಣ ಮಾತ್ರ ಅದಕ್ಕೆ ಗೊತ್ತು. ಬಿಟ್ಟಮೇಲೆ ಅದಕ್ಕೆ ಪಶ್ಚಾತ್ತಾಪವಿಲ್ಲ. ಇದನ್ನು ಕೇಳಿದಾಗ ನಮಗೆ ಮೆಚ್ಚಿಗೆಯಾಯಿತೋ ಹೊಟ್ಟೆಯುರಿಯಾಯಿತೋ ಹೇಳಲಾರೆವು.

“ಹಾಗಾದರೆ ನಾವು ಏನು ಮಾಡಬೇಕಯ್ಯಾ? ಮುಖ ನೋಡಬೇಕೋ, ಪ್ರಮಾಣ ನೋಡಬೇಕೋ?” ಎಂದು ಕೇಳಿದೆವು.

“ಎದುರಿಗೆ ಇರೋರು ಯಾರು ಅಂತ ಚೆನ್ನಾಗಿ ಗೊತ್ತಿದ್ದರೆ ಅವರನ್ನ ನೋಡಿ ಮಾವ. ಗೊತ್ತಿಲ್ಲದೆ ಇದ್ದರೆ ಲೆಕ್ಕ ನೋಡಿ,” ಎಂದನು. “ತೊಂದರೆ ಎಲ್ಲಿ ಅಂದರೆ, ಗೊತ್ತಿದೆ ಅಂತ ಎಲ್ಲರೂ ಅಂದುಕೊಂಡಿರ್ತಾರೆ.”

ರಜೆ ಮುಗಿದು ಅವನು ಹೊರಡುವ ಹಿಂದಿನ ಸಂಜೆ ಕಡೆಯ ಆಟ ನಡೆಯಿತು. ನಮಗೆ ಹತ್ತರ ಜೋಡಿ ಬಿದ್ದಿತು. ನಡುವೆ ಇಸ್ಪೀಟಿನ ರಾಜ, ಇಸ್ಪೀಟಿನ ಗುಲಾಮ, ಡೈಮನ್ನಿನ ಹತ್ತು. ನಮಗೆ ಮೂರು ಹತ್ತುಗಳಾದುವು. ಎಕ್ಕದ ಜೋಡಿಗಿಂತ ಎಷ್ಟೋ ಮೇಲಾದ ಎಲೆ. ನಾಲ್ಕನೆಯದು ಇಸ್ಪೀಟಿನ ನಾಲ್ಕು, ಐದನೆಯದು ಆಟೀನಿನ ಎರಡು. ಪೋಸ್ಟ್‌ಮಾಸ್ತರರು ಗಂಟಲು ಸರಿಮಾಡಿಕೊಂಡು ಎಲ್ಲವನ್ನೂ ನೂಕಿದರು. ಇಸ್ಪೀಟಿನ ಎರಡು ಎಲೆಗಳು ಅವರಲ್ಲಿದ್ದರೆ ನಾವು ಸೋತೆವು. ಎಕ್ಕ ಮತ್ತು ರಾಣಿ ಇದ್ದರೂ ಸೋತೆವು. ರಾಣಿ ಮತ್ತು ಒಂಬತ್ತು ಇದ್ದರೂ ಸೋತೆವು. ಅವರು ಸುಳ್ಳು ನೂಕುವವರಲ್ಲ. ಆದರೆ ಹಿಂದಿನ ಎರಡು ದಿನ ಸೋದರಳಿಯನು ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಮನಿಮೇಕರನ ಕಥೆಯನ್ನು ಅವರಿಗೂ ವಿಸ್ತಾರವಾಗಿ ಹೇಳುತ್ತಿದ್ದುದನ್ನು ನಾವು ಕೇಳಿದ್ದೆವು.

ಬೆಲೆಯನ್ನು ಎಣಿಸಿದೆವು, ಬಗೆಗಳನ್ನು ಎಣಿಸಿದೆವು. ಅವರ ಮುಖವನ್ನೂ ನೋಡಿದೆವು. ಅವರು ಕನ್ನಡಕವನ್ನು ಪಂಚೆಯ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು. ಮೂರು ಹತ್ತುಗಳನ್ನು ಮಗುಚಿ ನಡುವಿಗೆ ಸರಿಸಿದೆವು.

ಎದುರಾಳಿ ಸರಿದ ಮೇಲೆ ಗೆದ್ದವನು ತನ್ನ ಎಲೆಗಳನ್ನು ತೋರಿಸಬೇಕಾದ ನಿಯಮವು ಈ ಆಟದಲ್ಲಿಲ್ಲ. ಪೋಸ್ಟ್‌ಮಾಸ್ತರರು ಬೀಜಗಳನ್ನು ಎರಡು ಸಲ ಎಣಿಸಿ ಡಬ್ಬಿಗೆ ತುಂಬಿದರು, “ಬರುತ್ತೇನೆ ಮೇಷ್ಟ್ರೇ, ಹೊತ್ತಾಯಿತು” ಎಂದು ಎದ್ದು ಮೆಟ್ಟಿಲಿಳಿದರು. ಎಲೆಗಳನ್ನು ಒಟ್ಟುಗೂಡಿಸಿದವಳು ಮನೆಯಾಕೆ. ಅವರ ಎರಡು ಎಲೆಗಳನ್ನು ಎತ್ತುವಾಗ ಆಕೆಯು ಅವುಗಳನ್ನು ನೋಡಿದಳೆಂದೇ ನಮ್ಮ ಅನುಮಾನ. ಕೇಳಿದರೆ, “ನನಗೇನು ಗೊತ್ತು?” ಎಂದು ಹೇಳಿ ದೀಪ ಹಚ್ಚಲು ಒಳಗೆ ಹೋದಳು.